ಸಹಾಯ ಬೇಕು: ಡಿಸ್ಕ್ ಇಲ್ಲದ ಎರಡು ಹಳೆಯ ಕಂಪ್ಯೂಟರ್‌ಗಳು ಬೂಟ್ ಆಗುವಾಗ ಅರ್ಧಕ್ಕೇ ನಿಲ್ಲುತ್ತಿವೆ

ಎಲ್ಲರಿಗೂ ನಮಸ್ಕಾರ. ಹಾರ್ಡ್ ಡಿಸ್ಕ್ ಕೆಟ್ಟುಹೋದ, ತಲಾ 2 ಜಿಬಿ ರ‍್ಯಾಮ್ ಇರುವ ಆರು ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಎಲ್‌ಟಿಎಸ್‌ಪಿ (ಡಿಸ್ಕ್ ಇಲ್ಲದ ಯಂತ್ರಗಳನ್ನು ನೆಟ್‌ವರ್ಕ್ ಮೂಲಕ ಬೂಟ್ ಮಾಡಿಸುವ ತಂತ್ರಾಂಶ) ಬಳಸಿ ಒಂದೇ ಸರ್ವರ್‌ನಿಂದ ಅವುಗಳಲ್ಲಿ ಲಿನಕ್ಸ್ ನಡೆಸಲು ಯತ್ನಿಸುತ್ತಿದ್ದೇನೆ. ರೂಟರ್‌ನ ಡಿಎಚ್‌ಸಿಪಿಯನ್ನು (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಸೇವೆ) ಮುಟ್ಟದೆ, ಸರ್ವರ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶವನ್ನು, ವಿಳಾಸ ಹಂಚದೆ ಬೂಟ್ ಮಾಹಿತಿಯನ್ನಷ್ಟೇ ಕೊಡುವ ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಹೊಂದಿಸಿದ್ದೇನೆ. ನಾಲ್ಕು ಯಂತ್ರಗಳು ಸರಾಗವಾಗಿ ಏಳುತ್ತವೆ. ಉಳಿದ ಎರಡರಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಬೇಕಾದ ಡ್ರೈವರ್‌ಗಳಿರುವ ತಾತ್ಕಾಲಿಕ ಫೈಲ್ ಸಿಸ್ಟಮ್) ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ವಿಧಾನದ ಮೂಲಕ ಇಳಿದರೂ, ಎನ್‌ಎಫ್‌ಎಸ್‌ನಿಂದ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ರೂಟ್ ಫೈಲ್ ಸಿಸ್ಟಮ್, ಅಂದರೆ ಲಿನಕ್ಸ್‌ನ ಮುಖ್ಯ ಫೈಲ್‌ಗಳ ಭಾಗ, ಜೋಡಿಸುವ ಹೊತ್ತಿಗೆ ನೆಟ್‌ವರ್ಕ್ ಕಾರ್ಡೇ ಕಾಣೆಯಾಗುತ್ತದೆ. ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಬೂಟ್ ಆರಂಭಿಸುವ) ಹಂತದಲ್ಲಿ ಕಾರ್ಡಿನ ರಾಮ್ (ROM) ಚಿಪ್‌ನಲ್ಲಿರುವ ಕೋಡ್ ಕೆಲಸ ಮಾಡುವುದರಿಂದ ಅಲ್ಲಿಯವರೆಗೆ ತೊಂದರೆಯಿಲ್ಲ. ಅನಂತರ ಕರ್ನಲ್‌ಗೆ ಬೇಕಾದ ಡ್ರೈವರ್ ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ ಇಲ್ಲವೆಂದು ನನ್ನ ಅನುಮಾನ (ಕೇಬಲ್ ಬದಲಿಸಿ ನೋಡಿಯಾಗಿದೆ). ಡಿಸ್ಕ್ ಇಲ್ಲದ ಯಂತ್ರದಲ್ಲಿ ಸರಿಯಾದ ಮಾಡ್ಯೂಲ್‌ನ (ಡ್ರೈವರ್ ಫೈಲ್‌ನ) ಹೆಸರನ್ನು ಪತ್ತೆಹಚ್ಚಿ, ಉಳಿದ ನಾಲ್ಕಕ್ಕೆ ಧಕ್ಕೆಯಾಗದಂತೆ ಅದನ್ನು ಸೇರಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.