ಕ್ಲಾಜ್ ಯಾವುದು, ಫ್ರೇಸ್ ಯಾವುದು? ಟಿಇಟಿ ಬರೆದವರು ಹೇಳಿ

ಕೇಳಿದವರು, ವಿಜಯಪುರ: ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುತ್ತಿದ್ದೇನೆ. ಇಂಗ್ಲಿಷ್‌ನಲ್ಲಿ ಕ್ಲಾಜ್ (ಉಪವಾಕ್ಯ), ಫ್ರೇಸ್ (ಪದಗುಚ್ಛ) ಗುರುತಿಸೋಕೆ ಸುಲಭದ ದಾರಿ ಇದೆಯಾ? ಮಗು ಸಣ್ಣದು, ಕೋಚಿಂಗ್‌ಗೆ ಹೋಗಲು ಆಗುವುದಿಲ್ಲ.

ಜಮಖಂಡಿಯವ: ಕೋಚಿಂಗ್ ಸೇರಿಬಿಡಿ. ನಾನು ವಿಜಯಪುರದಲ್ಲಿ ಮೂರು ತಿಂಗಳು ಇದ್ದೆ. ಫೀ 9,500, ರೂಮಿಗೆ ತಿಂಗಳಿಗೆ 2,200, ಖಾನಾವಳಿಗೆ 2,600. ಇಷ್ಟು ಸುರಿದು ಬಂದಿದ್ದು ಎಷ್ಟು? 150ಕ್ಕೆ 89. ಪಾಸಾಗಲು 90 ಬೇಕಿತ್ತು. ಕೈಕೊಟ್ಟಿದ್ದು ‘ಐ ಡೋಂಟ್ ನೋ ವಾಟ್ ಟು ಡೂ’. ‘ವಾಟ್’ ಕಂಡ ಕೂಡಲೇ ನೌನ್ ಕ್ಲಾಜ್ (ನಾಮಪದದ ಕೆಲಸ ಮಾಡುವ ಉಪವಾಕ್ಯ) ಅಂತ ಉತ್ತರ ತುಂಬಿದೆ. ‘ವಾಟ್ ಐ ಶುಡ್ ಡೂ’ ಇದ್ದಿದ್ದರೆ ಸರಿ. ಇಲ್ಲಿ ‘ಐ’ ಇಲ್ಲ, ‘ಟು ಡೂ’ಗೆ ಕಾಲವೂ ಇಲ್ಲ, ಅದಕ್ಕೇ ಫ್ರೇಸ್. ಮುಂದಿನ ಸಲ 104 ಬಂತು, ಆದರೆ ಆ ಒಂದು ಅಂಕ ಇನ್ನೂ ಚುಚ್ಚುತ್ತದೆ.

ತಿಲಕವಾಡಿ, ಬೆಳಗಾವಿ: ದುಡ್ಡು ಸುರಿದು ಫೇಲಾದವರೇ ಕೋಚಿಂಗ್ ಸೇರಿ ಅಂತಾರಲ್ಲ! ನಾನು ಮನೆಯಲ್ಲೇ ಓದಿದೆ. ಮೊದಲು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ನೋಡುತ್ತಿದ್ದೆ, ಅಲ್ಲೇ ಕೆಟ್ಟೆ. ‘ಬಿಫೋರ್ ಸನ್‌ರೈಸ್’, ‘ಬಿಫೋರ್ ದ ಸನ್ ರೋಸ್’ ಎರಡಕ್ಕೂ ನನ್ನ ಬಾಯಲ್ಲಿ ‘ಸೂರ್ಯ ಹುಟ್ಟುವ ಮುಂಚೆ’ ಅಂತಲೇ ಬರುತ್ತಿತ್ತು. ನಾವು ‘ಎದ್ದು, ಮುಖ ತೊಳೆದು, ರೊಟ್ಟಿ ತಿಂದು ಬಸ್ ಹತ್ತಿದೆ’ ಅಂತ ಒಂದೇ ಪೂರ್ಣ ಕ್ರಿಯಾಪದದಲ್ಲಿ ಮುಗಿಸುವ ಜನ. ಇಂಗ್ಲಿಷ್‌ನಲ್ಲಿ ‘ರೋಸ್’ ಅನ್ನು ‘ರೈಸಸ್’ ಮಾಡಿ ಕಾಲ ಬದಲಿಸಬಹುದಾ, ಅದಕ್ಕೆ ಕರ್ತೃ ಇದೆಯಾ ನೋಡಿ. ಎರಡೂ ಇದ್ದರೆ ಕ್ಲಾಜ್. ಉದ್ದ ನೋಡಿ ಮೋಸ ಹೋಗಬೇಡಿ. ‘ಶಿ ಸ್ಲೆಪ್ಟ್’ ಎರಡೇ ಪದ, ಆದರೂ ಕ್ಲಾಜ್.

ನವನಗರ, ಬಾಗಲಕೋಟೆ: ಅರ್ಧ ಸತ್ಯ. ‘ಹ್ಯಾವಿಂಗ್ ಫಿನಿಶ್ಡ್ ದ ವರ್ಕ್’ ಅನ್ನು ಹೊಸ ವ್ಯಾಕರಣಗಳು ನಾನ್‌ಫೈನೈಟ್ ಕ್ಲಾಜ್, ಅಂದರೆ ಕಾಲ ತೋರಿಸದ ಕ್ರಿಯಾಪದ ಇರುವ ಕ್ಲಾಜ್ ಅನ್ನುತ್ತವೆ. ‘ವಾಟ್ ಟು ಡೂ’ ಕೂಡ ಹಾಗೇ. ಎಂ.ಎ.ಯಲ್ಲಿ ಇದನ್ನೇ ಓದಿದ್ದು ನಾನು.

ಜಮಖಂಡಿಯವ: ಹಾಗಾದರೆ ನನ್ನ 89 ತಪ್ಪಲ್ಲ ಅಂತೀರಾ? ಎಂ.ಎ. ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೀ ಉತ್ತರದಲ್ಲಿ ಫ್ರೇಸ್ ಅಂತ ಇತ್ತು.

ನವನಗರ, ಬಾಗಲಕೋಟೆ: ಕೀ ಉತ್ತರ ಹಳೇ ಶಾಲಾ ವ್ಯಾಕರಣದ್ದು. ಪರೀಕ್ಷೆಗೆ ಅದನ್ನೇ ಬರೆಯಿರಿ, ಬೇಡ ಅಂದವರು ಯಾರು? ಅದೇ ಸತ್ಯ ಅಂತ ಜಗಳಕ್ಕೆ ಬರಬೇಡಿ ಅಷ್ಟೇ.

ತಿಲಕವಾಡಿ: ಜಗಳ ತೆಗೆದಿದ್ದು ನೀವೇ ಅಲ್ವಾ? ಅದಿರಲಿ, ಖಾನಾವಳಿಗೆ 2,600 ಜಾಸ್ತಿ ಆಯ್ತು.

ಜಮಖಂಡಿಯವ: ಎರಡು ಹೊತ್ತು, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಿಮ್ಮ ಬೆಳಗಾವಿಯಲ್ಲಿ ಅಷ್ಟಕ್ಕೆ ಯಾರು ಕೊಡ್ತಾರೆ, ಹೇಳಿ ನೋಡೋಣ.

ಕೇಳಿದವರು, ವಿಜಯಪುರ: ಮಗು ಈಗ ಮಲಗಿತು. ‘ಬಿಕಾಸ್ ಆಫ್ ದ ರೇನ್’ ಫ್ರೇಸ್, ‘ಬಿಕಾಸ್ ಇಟ್ ರೇನ್ಡ್’ ಕ್ಲಾಜ್. ಸರಿನಾ?

ತಿಲಕವಾಡಿ: ಸರಿ. ಜಮಖಂಡಿಯವರೇ, ಭಾನುವಾರ ರಾತ್ರಿ ಖಾನಾವಳಿ ಬಂದ್ ಇರುತ್ತಲ್ಲ, ಆ ದುಡ್ಡು ಕಳೆದು ಹೇಳಿದಿರಾ, ಸೇರಿಸಿ ಹೇಳಿದಿರಾ?