ಸಿಪಿಆರ್ ವಿಆರ್ ಸೀನ್: ಎದಿ ಒತ್ತುವಾಗ ಕೈ ಮಾಯ ಆಗ್ತಾವ, ಟೈಮ್ ಲಾಗ್ ಕೆಡ್ತದ

ಬಿಸಿಲೂರ_ಹುಡುಗ (ಕಲಬುರಗಿ)
ನಮಸ್ಕಾರ್ರಿ. ಕಾಲೇಜ್ ಪ್ರಾಜೆಕ್ಟಿಗಿ ಸಿಪಿಆರ್ (ಹೃದಯ ನಿಂತವ್ರ ಎದಿ ಒತ್ತಿ ಜೀವ ಉಳಸ್ಲಿಕ್ಕ ನೋಡೋದು) ಬಗ್ಗೆ ಒಂದು ವಿಆರ್ ಸೀನ್ ಮಾಡೀವಿ, ಹೆಡ್‌ಸೆಟ್ ಹಾಕ್ಕೊಂಡ್ರ ಎಲ್ಲಾ ಕಣ್ಮುಂದ ನಡದಂಗ ಕಾಣ್ತದ. ಕಲಬುರಗಿ ಬಸ್‌ಸ್ಟ್ಯಾಂಡ್, ಪ್ಲಾಟ್‌ಫಾರ್ಮ್ ಮ್ಯಾಲ ಒಬ್ರು ಧಪ್ಪಂತ ಬೀಳ್ತಾರ, ಹೃದಯ ನಿಂತದ. ಹೆಡ್‌ಸೆಟ್ ಹಾಕ್ಕೊಂಡವ್ರು 108ಕ್ಕ ಎಷ್ಟೊತ್ತಿಗಿ ಫೋನ್ ಹಚ್ತಾರ, ಎದಿ ಒತ್ತೋದು ಎಷ್ಟೊತ್ತಿಗಿ ಶುರು ಮಾಡ್ತಾರ ಅಂತ ಅಳದು ಲಾಗ್‌ನಾಗ ಬರಕೋತೀವಿ. ಒಂದು ಸಲ ಸುತ್ತ ಯಾರೂ ಇರಂಗಿಲ್ಲ, ಇನ್ನೊಂದು ಸಲ ಎಂಟು ಮಂದಿ ನಿಂತಿರ್ತಾರ. ಒತ್ಲಿಕ್ಕ ನೆಲದ ಮ್ಯಾಲ ಸೆನ್ಸರ್ ಇರೋ ತರಬೇತಿ ಗೊಂಬಿ ಇಟ್ಟೀವಿ.

ತೊಂದ್ರಿ ಏನಂದ್ರ, ಕೈ ಮ್ಯಾಲ ಕೈ ಇಟ್ಟ ಕೂಡ್ಲೆ ನಮ್ಮ ಕ್ವೆಸ್ಟ್ 2 ಹೆಡ್‌ಸೆಟ್‌ಗಿ ಕೈ ಕಾಣಂಗಿಲ್ಲ. ನಾಲ್ಕೈದು ಸಲ ಒತ್ತಿದ್ರ ಇಡೀ ಪ್ಲಾಟ್‌ಫಾರ್ಮೇ ಪಕ್ಕಕ್ಕ ಜರೀತದ. ನಿನ್ನಿ ಒಬ್ರು ಗೊಂಬಿ ಬಿಟ್ಟು ಬರೀ ನೆಲಾನೇ ಒತ್ಲತ್ತಿದ್ರು. ರೀಸೆಟ್ ಮಾಡಿ, ಲೆನ್ಸ್ ಒರಿಸಿ ಎಲ್ಲಾ ಆಯ್ತು.

ತಂತಿ_ಜೋಡಕ
ನೆಲ ಯಾವುದು? ಬೆಳಕು?

ಬಿಸಿಲೂರ_ಹುಡುಗ
ಶಹಾಬಾದ್ ಫರ್ಸಿ ಸರ್, ಹೊಸದಾಗಿ ಪಾಲಿಶ್ ಆಗ್ಯದ. ಬಿಸಲಿಗಿ ಕಿಟಕಿ ಪರದಾ ಹಾಕೀವಿ, ಟ್ಯೂಬ್‌ಲೈಟ್ ಒಂದೇ.

ತಂತಿ_ಜೋಡಕ
ಸಿಕ್ಕಿತು ಬಿಡಿ. ಕೋಣೆಯಲ್ಲಿ ಕಾಣುವ ಗುರುತುಗಳನ್ನು ಹಿಡಿದೇ ಹೆಡ್‌ಸೆಟ್ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕೋದು. ಮಂಡಿಯೂರಿ ಬಗ್ಗಿದಾಗ ಕ್ಯಾಮೆರಾಗಳಿಗೆ ಕಾಣೋದು ಹೆಚ್ಚಾಗಿ ನೆಲವೇ. ಅದು ನುಣ್ಣಗಿನ ಬೂದು ಕಲ್ಲಾದರೆ ಪಾಪ ಅದಾದರೂ ಏನು ಮಾಡೀತು? ಮೇಲೆ ಏನಾದರೂ ಹಾಸಿ. ಒಂದೇ ಪಟ್ಟೆ ಮತ್ತೆ ಮತ್ತೆ ಬರುವ ಜಮಖಾನ ಬೇಡ, ಅದೂ ಗೊಂದಲ. ನಿಮ್ಮ ಕಡೆಯ ಕೌದಿ ಇದ್ದರೆ ಬಲು ಚೆಂದ, ಒಂದು ತುಂಡಿನಂತೆ ಇನ್ನೊಂದಿರೋಲ್ಲ. ಇನ್ನೊಂದು ದೀಪ ಹಾಕಿ. ಹೆಡ್‌ಸೆಟ್ ಸೆಟ್ಟಿಂಗ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ (ದೀಪದ ಮಿನುಗಿಗೆ ಕ್ಯಾಮೆರಾ ಹೊಂದಿಸೋದು) 50 ಹರ್ಟ್ಜ್ ಇರಲಿ, ನಮ್ಮ ಕರೆಂಟೂ ಅಷ್ಟೇ.

ಒಂದರ ಮೇಲೊಂದು ಇಟ್ಟ ಕೈಗಳನ್ನು ಅದು ಬಿಡಿಸಿ ನೋಡಲಾರದು, ಆ ಹಟ ಬಿಡಿ. ಹೆಡ್‌ಸೆಟ್ ಜೊತೆ ಬರುವ ಕೈಹಿಡಿ ಕಂಟ್ರೋಲರನ್ನು ಮಣಿಕಟ್ಟಿಗೆ ಕಟ್ಟಿ. ಮೊಣಕೈ ಮಡಚದೆ ಒತ್ತುವಾಗ ಕೈ ಇಳಿದಷ್ಟೇ ಮಣಿಕಟ್ಟೂ ಇಳಿಯುತ್ತೆ. ಸೀನ್ ಶುರುವಿಗೆ ಮುಂಚೆ ಅದೇ ಕಂಟ್ರೋಲರನ್ನು ಗೊಂಬೆಯ ಎದೆಮೂಳೆಗೆ ತಾಗಿಸಿ, ಸೀನ್‌ನಲ್ಲಿ ಬಿದ್ದವರ ಎದೆ ಗೊಂಬೆಯ ಎದೆಯ ಜಾಗಕ್ಕೇ ಬರುವಂತೆ ಹೊಂದಿಸಿಕೊಳ್ಳಿ.

ವಾರ್ಡ್_ಅಕ್ಕ (ಬೀದರ)
ತಮ್ಮಾ, ಕೈಕಿಂತ ನಿನ್ನ ಲಾಗ್ ದೊಡ್ಡ ತೊಂದ್ರಿ ಅದ. ಮನಷ್ಯಾ ಅಂಜಿ ನಿಂತಿದ್ದು ಯಾವುದು, ಮಷೀನ್ ಕೈ ಕೊಟ್ಟಿದ್ದಕ್ಕ ನಿಂತಿದ್ದು ಯಾವುದು, ಹೆಂಗ ಬ್ಯಾರೆ ಮಾಡ್ತಿ? ವೇಗ ನಿಮಿಷಕ್ಕ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್. ಇದನ್ನ ಗೊಂಬಿ ಸೆನ್ಸರಿಂದ ತೊಗೋ, ಹೆಡ್‌ಸೆಟ್‌ದಿಂದ ಬ್ಯಾಡ. ಟ್ರ್ಯಾಕಿಂಗ್ ತಪ್ಪಿದ ಹೊತ್ತನ್ನ ಬ್ಯಾರೆ ಕಾಲಮ್‌ನಾಗ ಬರಿ.

ಬಿದ್ದವ್ರು ಏದುಸಿರು ಬಿಡ್ತಾರೇನು ಸೀನ್‌ನಾಗ?

ಬಿಸಿಲೂರ_ಹುಡುಗ
ಇತ್ರಿ ಅಕ್ಕಾ, ನೋಡ್ಲಿಕ್ಕ ವಿಚಿತ್ರ ಕಂಡದಂತ ತೆಗದೀವಿ.

ವಾರ್ಡ್_ಅಕ್ಕ
ಮೊದಲ ಅದನ್ನ ವಾಪಸ್ ಹಾಕು. ಹೃದಯ ನಿಂತ ಮ್ಯಾಲೂ ಕೆಲವ್ರು ಒಂದಿಷ್ಟೊತ್ತು ನೀರಿಂದ ತೆಗೆದ ಮೀನಿನಂಗ ಬಾಯಿ ಬಿಡ್ತಾರ. ಮಂದಿ ಅದನ್ನ ನೋಡಿ "ಉಸುರು ಅದಲ್ಲ" ಅಂತ ಹಿಂದ ಸರೀತಾರ. ನೀನು ಅಳೀಬೇಕಾದ ತಡ ಅಲ್ಲೇ ಅದ.

ಆ ಎಂಟು ಮಂದಿ ಕಂಬದಂಗ ನಿಂತಿದ್ರ ಯಾರೂ ಅವ್ರನ್ನ ಮಂದಿ ಅಂತ ಎಣಿಸಂಗಿಲ್ಲ. 1968ರಾಗ ಲಾಟಾನೆ ಮತ್ತು ಡಾರ್ಲಿ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಹೊಗಿ ಪ್ರಯೋಗದಾಗ, ಮಂದಿ ಕುಂತ ಖೋಲ್ಯಾಗ ಹೊಗಿ ಬಿಟ್ರು; ಒಬ್ಬರೇ ಇದ್ದಾಗ 100ಕ್ಕ 75 ಮಂದಿ ಹೊಗಿ ಬರ್ಲತ್ತದ ಅಂತ ಹೋಗಿ ಹೇಳಿದ್ರು. ಸುಮ್ಮ ಕೂಡ್ರೋ ಇಬ್ರ ಜೋಡಿ ಇದ್ದಾಗ 10 ಅಷ್ಟೇ. ಆ ಇಬ್ರು ಜೀವಂತ ಮನಷ್ಯಾರು, ಹೊಗಿ ನೋಡಿನೂ ಸುಮ್ಮ ಕುಂತವ್ರು. ನಿನ್ನವ್ರೂ ನೋಡ್ಲಿ, ಒಬ್ಬಾಂವ ಮೊಬೈಲ್ ತೆಗೀಲಿ.

ಬಿಸಿಲೂರ_ಹುಡುಗ
ನಾಲ್ಕು ದಿನ ಆಯ್ತು. ಅವ್ವನ ಕೌದಿ ಹಾಸಿದ್ವಿ, ಜರ್ಯೋದು ನಿಂತದ. ಹಳೇ ವಿಡಿಯೋ ತಿರುಗಿ ನೋಡಿದ್ವಿ. ಒಬ್ರ ಹೆಸರಿಗಿ 9 ಸೆಕೆಂಡ್ "ಹಿಂಜರಿಕೆ" ಅಂತ ಬರಕೊಂಡಿದ್ವಿ, ಅವ್ರು ಅಷ್ಟೂ ಹೊತ್ತು "ಯಪ್ಪಾ, ನನ್ನ ಕೈ ಎಲ್ಲಿ ಹೋದ್ವು?" ಅಂತ ಹುಡುಕ್ಲತ್ತಿದ್ರು. ಹಳೇ ಲಾಗ್ ಪೂರಾ ತೆಗೆದಿಟ್ಟು ಹೊಸದಾಗಿ ಶುರು ಮಾಡೀವಿ. ಏದುಸಿರು ಹಾಕೀವ್ರಿ ಅಕ್ಕಾ, ಮೊದಲನೇ ಹುಡುಗನೇ "ಜೀವ ಅದ, ಬಿಡ್ರಿ" ಅಂದ.

ಅವ್ವ ಕೌದಿ ವಾಪಸ್ ಕೇಳ್ಲತ್ತಾಳ. ಹಳೇ ಕ್ಯಾಲೆಂಡರ್ ಹಾಳಿ ಅಂಟಿಸಿದ್ರ ನಡೀತದೇನ್ರಿ?

ತಂತಿ_ಜೋಡಕ
ನಡೆಯುತ್ತೆ. ಮಿರುಗುವ ಹಾಳೆ ಬೇಡ.