ಹೃದ್ರೋಗಿಗಳಿಗೆ ಸಿಪಿಆರ್ ಕಲಿಸಿದವರು ಅನುಭವ ಹೇಳಿ

ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಸೇರಿ 12 ಜನರ ವ್ಯಾಯಾಮದ ಗುಂಪಿಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು), ಪ್ರಥಮ ಚಿಕಿತ್ಸೆ ಕಲಿಸಬೇಕಾಗಿದೆ. ಇವರು ಹೆದರಿಬಿಟ್ಟರೆ? ಅಭ್ಯಾಸದ ಗೊಂಬೆಯ ಎದೆ ಒತ್ತುವಾಗ ಇವರಿಗೇ ಎದೆನೋವು ಬಂದರೆ? ಕಲಿಸಿದವರು, ಕಲಿತವರು ದಯವಿಟ್ಟು ತಿಳಿಸಿ.

ಹೃದ್ರೋಗ ವಿಭಾಗದ ನರ್ಸ್:
ರೋಗಿಯೊಬ್ಬರನ್ನೇ ಕರೆಯಬೇಡಿ, ಮನೆಯಲ್ಲಿ ಜೊತೆಗಿರುವವರೂ ಬರಲಿ. ನಾನು ಶುರುವಿನಲ್ಲಿ ಈ ತಪ್ಪು ಮಾಡಿದ್ದೆ. ತರಗತಿ ಮುಗಿದ ಮೇಲೆ ಹಿರಿಯರೊಬ್ಬರು, "ಸಿಸ್ಟರ್, ನಾನು ಬಿದ್ದರೆ ಇದೆಲ್ಲ ಗೊತ್ತಿರಬೇಕಾದ್ದು ನನ್ನ ಹೆಂಡತಿಗೆ ಅಲ್ವಾ?" ಅಂದರು. ಹೃದಯ ನಿಲ್ಲುವುದು ಹೆಚ್ಚಾಗಿ ಮನೆಯಲ್ಲೇ. ಅವತ್ತಿನಿಂದ ಜೋಡಿಯಾಗಿಯೇ ಕರೆಯುತ್ತೇನೆ.

ಭಯದ ವಿಷಯ. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ ಅನ್ನುವುದನ್ನು ಮೊದಲೇ ಬಿಡಿಸಿ ಹೇಳಿ. ಆಘಾತದಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ, ಸಾಮಾನ್ಯವಾಗಿ ಮನುಷ್ಯನಿಗೆ ಎಚ್ಚರವಿರುತ್ತದೆ, ಮಾತಾಡುತ್ತಾನೆ. ಅವನ ಎದೆ ಒತ್ತುವ ಹಾಗಿಲ್ಲ, ಕೂರಿಸಿ ಆಂಬುಲೆನ್ಸ್ ಕರೆಯಬೇಕು. ಸ್ತಂಭನದಲ್ಲಿ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರಾಟ ಸರಿಯಿರುವುದಿಲ್ಲ. ಸಿಪಿಆರ್ ಆಗ ಮಾತ್ರ. ಇಷ್ಟು ತಿಳಿದರೆ, ಎದೆ ಸ್ವಲ್ಪ ಚುಳುಕ್ ಅಂದಾಗೆಲ್ಲ "ನನ್ನ ಹೃದಯ ನಿಂತೇ ಹೋಯ್ತು" ಅನ್ನುವ ದಿಗಿಲು ಎಷ್ಟೋ ಇಳಿಯುತ್ತದೆ.

ಇನ್ನು ಗೊಂಬೆ. ನಿಮಿಷಕ್ಕೆ 100ರಿಂದ 120 ಬಾರಿ, 5-6 ಸೆಂಟಿಮೀಟರ್ ಆಳಕ್ಕೆ ಒತ್ತುವುದು ಗಟ್ಟಿಮುಟ್ಟಾದವರಿಗೂ ದಣಿವಿನ ಕೆಲಸ. ಅದಕ್ಕೇ 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದು. ಯಾರು ಒತ್ತಬಹುದು ಅಂತ ಅವರವರ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಒಪ್ಪಿಗೆ ಇದ್ದವರಿಗೆ ಅರ್ಧ ನಿಮಿಷ ಸಾಕು. ನೆಲಕ್ಕೆ ಮಂಡಿಯೂರಲಾಗದವರಿಗೆ ಗೊಂಬೆಯನ್ನು ಗಟ್ಟಿ ಮೇಜಿನ ಮೇಲಿಡಿ. ಬೈಪಾಸ್ ಆಗಿ ಎದೆಮೂಳೆ ಇನ್ನೂ ಕೂಡಿಕೊಳ್ಳುತ್ತಿರುವವರು ಒತ್ತಲೇಬಾರದು. ಹಾಗಂತ ಮೂಲೆಯಲ್ಲಿ ಕೂರಿಸಬೇಡಿ: ಫೋನ್ ಮಾಡುವುದು, ಜೋರಾಗಿ ಎಣಿಸುವುದು, ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡುವ) ಯಂತ್ರ ತೆರೆದು ಪ್ಯಾಡ್ ಅಂಟಿಸುವುದು ಅವರ ಪಾಲಿಗಿರಲಿ. ಪೇಸ್‌ಮೇಕರ್ ಇದ್ದವರಿಗೆ ಪ್ಯಾಡ್ ಚರ್ಮದಡಿ ಕೂರಿಸಿದ ಆ ಯಂತ್ರದ ಉಬ್ಬಿನ ಮೇಲೆಯೇ ಬೀಳಬಾರದು ಅನ್ನುವುದನ್ನೂ ತೋರಿಸಿ.

ರೋಗಿಯೊಬ್ಬರ ಮಗಳು:
ಅಪ್ಪ ಊಟದ ಮೇಜಿನ ಹತ್ತಿರ ಕುಸಿದಾಗ ಗೊರಕೆಯಂಥ ಸದ್ದು ಬರುತ್ತಿತ್ತು. "ಉಸಿರಾಡ್ತಿದಾರಲ್ಲ, ನೀರು ತಾ" ಅಂದರು ಅಮ್ಮ. ಅದು ಉಸಿರಾಟವಲ್ಲ, ಹೃದಯ ನಿಂತ ಮೇಲೂ ಕೆಲ ನಿಮಿಷ ಬರುವ ಏದುಸಿರು. ನನ್ನ ತಮ್ಮ ಕಾಲೇಜಿನಲ್ಲಿ ಸಿಪಿಆರ್ ಕಲಿತಿದ್ದ. ತಕ್ಷಣ ಅಪ್ಪನನ್ನು ಅಂಗಾತ ಮಲಗಿಸಿ ಒತ್ತಲು ಶುರುಮಾಡಿದ, ನಾನು ಆಂಬುಲೆನ್ಸ್‌ಗೆ ಕರೆ ಮಾಡಿ ಫೋನನ್ನು ಸ್ಪೀಕರ್‌ಗೆ ಹಾಕಿದೆ. ಅಪ್ಪ ಉಳಿದರು. ದಯವಿಟ್ಟು ಆ ಸದ್ದನ್ನು ತರಗತಿಯಲ್ಲಿ ಕೇಳಿಸಿ. ಬಾಯಲ್ಲಿ ವರ್ಣಿಸಿದರೆ ತಲೆಗೆ ಹೋಗುವುದಿಲ್ಲ.

ಸ್ಟೆಂಟ್ ಹಾಕಿಸಿಕೊಂಡವನು:
ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಸಣ್ಣ ಸಂಗತಿಗಳು. ಎದೆನೋವಿಗೆ ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ಕೂತೇ ತೆಗೆದುಕೊಳ್ಳಬೇಕು, ಬಿಪಿ ಇಳಿದು ತಲೆ ಸುತ್ತುತ್ತದೆ. ಲೈಂಗಿಕ ಶಕ್ತಿಯ ಮಾತ್ರೆ ನುಂಗಿದವರು ಇದನ್ನು ಇಟ್ಟುಕೊಳ್ಳಬಾರದು. ಇದನ್ನು ಗುಂಪಿನಲ್ಲಿ ಯಾರೂ ಕೇಳಲಾರರು, ನೀವೇ ಹೇಳಿಬಿಡಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಗಾಯವಾದರೆ ಶುದ್ಧ ಬಟ್ಟೆಯಿಟ್ಟು 10 ನಿಮಿಷ ಒಂದೇ ಸಮ ಒತ್ತಿ ಹಿಡಿಯುವುದನ್ನು ಮಾಡಿಸಿ. ನಡುನಡುವೆ ಎತ್ತಿ ನೋಡಿದರೆ ರಕ್ತ ಮತ್ತೆ ಹರಿಯುತ್ತದೆ. ಜೋರಾಗಿ ಕೆಮ್ಮಿ ಹೃದಯಾಘಾತದಿಂದ ಪಾರಾಗಿ ಅನ್ನುವ ವಾಟ್ಸಾಪ್ ಸಂದೇಶ ಸುಳ್ಳು ಅಂತಲೂ ಹೇಳಿ, ನಮ್ಮ ಗುಂಪಿನಲ್ಲಿ ಅರ್ಧ ಜನ ನಂಬಿದ್ದರು.

ಕೇಳಿದವರು:
ತುಂಬಾ ಧನ್ಯವಾದ. ಜೋಡಿಯಾಗಿಯೇ ಕರೆಯುತ್ತೇನೆ. ಆದರೆ ಇಬ್ಬರು ಒಂಟಿಯಾಗಿದ್ದಾರೆ, ಅವರಿಗೆ ಏನು ಹೇಳಲಿ?

ನರ್ಸ್:
ಪಕ್ಕದ ಮನೆಯವರನ್ನು ಕರೆದುಕೊಂಡು ಬರಲಿ, ಬೀಗದ ಕೈ ಒಂದು ಅವರ ಬಳಿಯೂ ಇರಲಿ. ಎದೆನೋವು ಶುರುವಾದ ಕೂಡಲೇ ಆಂಬುಲೆನ್ಸ್‌ಗೆ ಫೋನ್ ಮಾಡಿ, ಬಾಗಿಲ ಚಿಲಕ ತೆಗೆದು, ಅಲ್ಲೇ ಹತ್ತಿರ ಕೂರಬೇಕು. ಇದನ್ನು ಮಾತಲ್ಲಿ ಹೇಳಿ ಬಿಡಬೇಡಿ, ಎದ್ದು ನಡೆದು ಮಾಡಿ ತೋರಿಸಲಿ. ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿಸಿ, ಕೈ ಮರೆತುಬಿಡುತ್ತದೆ.